ಎರಡು ಗಂಟೆಯ ದೂರ, ಎರಡು ದಿನದ ದಾರಿ

ಭೂಪಟ ಬಿಡಿಸಿಕೊಂಡು ಕೂರೋದು ನನ್ನ ಹಳೇ ಚಾಳಿ. ಹೋಗೋಕಾಗದ ಊರುಗಳ ನಡುವಿನ ದೂರ ಅಳೆಯೋದು ಅದಕ್ಕಿಂತ ಹಳೇ ಚಾಳಿ. ಕಾಸಿಲ್ಲ, ಖರ್ಚಿಲ್ಲ! ಮೊನ್ನೆ ರಾತ್ರಿ ಹಾಗೆ ಅಳೆಯೋಕೆ ಸಿಕ್ಕಿದ್ದು ಇಕಾಲುಯಿತ್ ಮತ್ತು ನೂಕ್.

ಇಕಾಲುಯಿತ್ ಕೆನಡಾದ ನೂನಾವುಟ್ ಪ್ರದೇಶದ ರಾಜಧಾನಿ. ನೂಕ್ ಗ್ರೀನ್‌ಲ್ಯಾಂಡಿನ ರಾಜಧಾನಿ. ಎರಡೂ 64 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಹೊರಗಿನಿಂದ ಈ ಎರಡೂ ಊರಿಗೆ ರಸ್ತೆಯೇ ಇಲ್ಲ. ಹಡಗು, ಇಲ್ಲಾಂದ್ರೆ ವಿಮಾನ. ಇಕಾಲುಯಿತ್‌ನಲ್ಲಂತೂ ಚಳಿಗಾಲಕ್ಕೆ ಕೊಲ್ಲಿಯೇ ಹೆಪ್ಪುಗಟ್ಟುತ್ತೆ, ಆಗ ವಿಮಾನವೊಂದೇ ಗತಿ.

ನಡುವಿನ ದೂರ ಸುಮಾರು 820 ಕಿ.ಮೀ. ಹೆಚ್ಚೂಕಮ್ಮಿ ಬೆಂಗಳೂರಿನಿಂದ ಮುಂಬೈಗೆ ಹಾರಿದಷ್ಟು. ಚಿಕ್ಕ ಪ್ರೊಪೆಲ್ಲರ್ ವಿಮಾನಕ್ಕೂ ಎರಡು ಗಂಟೆ ಸಾಕು.

ಆದರೆ ನೇರ ವಿಮಾನ ಇಲ್ಲದ ದಿನ ನೋಡಿ ತಮಾಷೆ. ಮೊದಲು ದಕ್ಷಿಣಕ್ಕೆ ಮೂರು ಗಂಟೆ ಹಾರಿ ಒಟ್ಟಾವಾ. ಅಲ್ಲಿಂದ ಟೊರಾಂಟೋ. ಆಮೇಲೆ ಅಟ್ಲಾಂಟಿಕ್ ದಾಟಿ ಐಸ್‌ಲ್ಯಾಂಡ್. ಅಲ್ಲಿಂದ ಮತ್ತೆ ಹಿಂದಕ್ಕೆ, ಪಶ್ಚಿಮಕ್ಕೆ 1,400 ಕಿ.ಮೀ. ಹಾರಿದ ಮೇಲೆ ನೂಕ್! ಒಟ್ಟು ಎಂಟು ಸಾವಿರ ಕಿ.ಮೀ. ಹತ್ತಿರ. ಒಂದು ವಿಮಾನ ತಪ್ಪಿತೋ, ಹಿಮಗಾಳಿ ಎದ್ದಿತೋ, ಎರಡು ದಿನವೂ ಸಾಲದು.

ಮಧ್ಯೆ ನೇರ ಹಾರಾಟ ಇರಲೇ ಇಲ್ಲ ಅಂತಲ್ಲ. 2012ರಲ್ಲಿ ಏರ್ ಗ್ರೀನ್‌ಲ್ಯಾಂಡ್ ಬೇಸಿಗೆಗೆ ಮಾತ್ರ ಅಂತ ಶುರು ಮಾಡಿ, ಕೆಲವೇ ವರ್ಷದಲ್ಲಿ ನಿಲ್ಲಿಸಿತು. ಮತ್ತೆ ಶುರುವಾಗಿದ್ದು 2024ರ ಬೇಸಿಗೆಯಲ್ಲಿ, ಅದೂ ವಾರಕ್ಕೊಮ್ಮೆ.

ರನ್‌ವೇ ಇಲ್ಲ ಅಂತೀರಾ? ಇಕಾಲುಯಿತ್‌ನದು 1942ರ ಯುದ್ಧಕಾಲದಲ್ಲಿ ಅಮೆರಿಕನ್ನರು ಕಟ್ಟಿದ ವಾಯುನೆಲೆ. 2006ರಲ್ಲಿ ದೈತ್ಯ ಏರ್‌ಬಸ್ ಎ380 ಚಳಿಯ ಪರೀಕ್ಷೆಗೆ ಅಲ್ಲೇ ಇಳಿದಿತ್ತು. ನೂಕ್‌ನಲ್ಲೂ 2024ರ ನವೆಂಬರ್‌ನಲ್ಲಿ 2,200 ಮೀಟರಿನ ಹೊಸ ರನ್‌ವೇ ತೆರೆಯಿತು.

ಜನ ಕಮ್ಮಿ, ಸೀಟು ತುಂಬಲ್ಲ ಅನ್ನೋ ವಾದ ಇದೆ. ಸುಳ್ಳಲ್ಲ. ಇಕಾಲುಯಿತ್‌ನಲ್ಲಿ 2021ರ ಜನಗಣತಿಯಂತೆ ಏಳೂವರೆ ಸಾವಿರಕ್ಕಿಂತ ಕಮ್ಮಿ ಜನ, ನೂಕ್‌ನಲ್ಲಿ ಇಪ್ಪತ್ತು ಸಾವಿರದ ಹತ್ತಿರ. ನಷ್ಟ ಮಾಡಿಕೊಂಡು ಯಾವ ಕಂಪನಿ ಹಾರಿಸುತ್ತೆ?

ಆದರೆ ನನಗನ್ನಿಸೋದು ಬೇರೆ. ಎರಡೂ ಕಡೆ ಇರೋರು ಒಂದೇ ಇನ್ಯೂಟ್ ಜನ. ಇನುಕ್ಟಿಟುಟ್, ಕಲಾಲ್ಲಿಸುಟ್ ಅಕ್ಕ-ತಂಗಿ ಭಾಷೆಗಳು. ಹಾಗಿದ್ದೂ ಬಹುಕಾಲ ಒಂದು ಊರಿನ ದಾರಿ ಒಟ್ಟಾವಾ ಕಡೆಗೆ ತಿರುಗಿತ್ತು, ಇನ್ನೊಂದರದ್ದು ಕೋಪನ್‌ಹೇಗನ್ ಕಡೆಗೆ. ಆಳುವವರು ಎಲ್ಲಿ ಕೂತಿದ್ದರೋ ಆ ಕಡೆಗೆ. ಪಕ್ಕದ ಮನೆಗೆ ಹೋಗೋಕೆ ಯಜಮಾನನ ಬಂಗಲೆ ಸುತ್ತಿ ಬಾ ಅಂದ ಹಾಗೆ! ದಾರಿಯೇ ಕೊಡದೆ, ಓಡಾಡೋರು ಕಮ್ಮಿ ಅಂತ ಲೆಕ್ಕ ತೋರಿಸೋದು ಯಾವ ನ್ಯಾಯ? ಅಂಥ ಕಡೆ ವಿಮಾನ ಅಂದ್ರೆ ಶೋಕಿ ಅಲ್ಲ, ರಸ್ತೆ. ರಸ್ತೆಗೆ ಸರ್ಕಾರ ದುಡ್ಡು ಹಾಕುತ್ತೆ ಅಂದ ಮೇಲೆ ಈ ದಾರಿಗೂ ಎರಡೂ ಸರ್ಕಾರಗಳು ಸೇರಿ ಹಾಕಬೇಕು. ವರ್ಷವಿಡೀ.

ಕಿಲೋಮೀಟರ್ ಅಳೆಯೋದು ಭೂಗೋಳ. ಗಂಟೆ ಅಳೆದರೆ ರಾಜಕೀಯ ಕಾಣುತ್ತೆ ಅಂತ ನನ್ನ ಅನಿಸಿಕೆ. ನೀವೇನಂತೀರಿ?