ಥರ್ಮಾಮೀಟರ್ ಒಡೆದರೆ ಪಾದರಸ ಮನೆಯ ಗಾಳಿಯಲ್ಲಿ ಒಂದು ವರ್ಷ ಉಳಿಯುತ್ತದೆಯೇ?

ಥರ್ಮಾಮೀಟರ್ ಅಥವಾ ಸಿಎಫ್‌ಎಲ್ ಬಲ್ಬ್ ಒಡೆದರೆ ಪಾದರಸ ಗಾಳಿಯಲ್ಲಿ ಒಂದು ವರ್ಷ ಇರುತ್ತದೆ, ಆ ಕೋಣೆಗೆ ಕಾಲಿಡಬೇಡಿ ಎಂಬ ಧಾಟಿಯ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಇದು ಅರ್ಧ ಸತ್ಯ. 'ಒಂದು ವರ್ಷ' ಎಂಬ ಲೆಕ್ಕ ಇರುವುದು ಇಡೀ ಭೂಮಿಯ ವಾತಾವರಣಕ್ಕೆ, ನಿಮ್ಮ ಕೋಣೆಗಲ್ಲ.

ಈ ಲೆಕ್ಕ ಹಾಕುವುದು ಹೇಗೆ?

200 ಲೀಟರ್ ನೀರಿರುವ ಡ್ರಮ್ಮಿಗೆ ದಿನಕ್ಕೆ 20 ಲೀಟರ್ ಬರುತ್ತದೆ, ಅಷ್ಟೇ ಹೊರಗೆ ಹೋಗುತ್ತದೆ ಎನ್ನಿ. ಆಗ ನೀರು ಸರಾಸರಿ 10 ದಿನ ಒಳಗಿರುತ್ತದೆ. ವಾತಾವರಣದಲ್ಲಿ ಸುಮಾರು 4,000 ಟನ್ ಪಾದರಸವಿದೆ. ವರ್ಷಕ್ಕೆ ಸುಮಾರು 8,000 ಟನ್ ನೆಲ, ನೀರಿಗೆ ಇಳಿಯುತ್ತದೆ. ಅಂದರೆ ಸರಾಸರಿ ಆರು ತಿಂಗಳು. ಹಳೆಯ ಮಾದರಿಗಳು ಒಂದು ವರ್ಷದವರೆಗೂ ಹೇಳುತ್ತಿದ್ದವು.

ಉತ್ತರ ಬದಲಾಗಿದ್ದೇಕೆ?

ಪಾದರಸದ ಆವಿ ಮಳೆನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಬ್ರೋಮಿನ್‌ನಂಥ ವಸ್ತುಗಳ ಜೊತೆ ವರ್ತಿಸಿ ರೂಪ ಬದಲಿಸಿದ ಮೇಲಷ್ಟೇ ಕರಗುತ್ತದೆ. ಮೋಡದೊಳಗೆ ಬಿಸಿಲು ಬಿದ್ದರೆ ಒಂದಷ್ಟು ಮತ್ತೆ ಆವಿಯಾಗುತ್ತದೆ. ಮರದ ಎಲೆಗಳೂ ಅದನ್ನು ಹೀರುತ್ತವೆ. ಇವೆಲ್ಲ ಎಷ್ಟು ವೇಗವಾಗಿ ನಡೆಯುತ್ತವೆ ಎಂಬ ತಿಳಿವಳಿಕೆ ಬದಲಾದಂತೆ ಲೆಕ್ಕವೂ ಬದಲಾಯಿತು.

ಬೆಳಗಾವಿ, ಖಾನಾಪುರಕ್ಕೆ ಏನು ಸಂಬಂಧ?

ಕಲ್ಲಿದ್ದಲು ಉರಿಸಿದಾಗ ಪಾದರಸ ಹೊರಬರುತ್ತದೆ. ಆರು ತಿಂಗಳಲ್ಲಿ ಗಾಳಿ ಅದನ್ನು ಖಂಡಗಳಾಚೆಗೆ ಒಯ್ಯಬಲ್ಲದು. ಹಾಗಾಗಿ ಒಂದೂ ಚಿಮಣಿಯಿಲ್ಲದ ಭೀಮಗಡದ ಕಾಡೂ ಇದರಿಂದ ಹೊರತಲ್ಲ. ಎಲೆ ಹೀರಿದ್ದು ತರಗೆಲೆಯೊಂದಿಗೆ ಮಣ್ಣಿಗೆ ಸೇರುತ್ತದೆ. ನೀರಿನ ತಳದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸ ಮಾಡಿದರೆ ಮೀನಿನ ಮೂಲಕ ನಮ್ಮ ತಟ್ಟೆಗೂ ಬರಬಹುದು. ಈ ಸಮಸ್ಯೆಯನ್ನು ಒಂದು ಊರು, ಒಂದು ದೇಶ ಮಾತ್ರ ಬಗೆಹರಿಸಲಾಗದು. ಅದಕ್ಕೇ 2013ರಲ್ಲಿ ಮಿನಮಾಟಾ ಒಪ್ಪಂದ ಬಂತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು.

ಹಾಗಾದರೆ ಮನೆಯಲ್ಲಿ?

ಕಿಟಕಿ ತೆರೆದರೆ ಕೋಣೆಯ ಆವಿ ಬೇಗ ಹೊರಹೋಗುತ್ತದೆ. ನಿಜವಾದ ಅಪಾಯ ನೆಲದ ಸಂದಿಯಲ್ಲಿ ಉಳಿದ ಹನಿ. ಅದು ತಿಂಗಳುಗಟ್ಟಲೆ ಆವಿ ಬಿಡುತ್ತಿರಬಹುದು. ಸಿಎಫ್‌ಎಲ್‌ನಲ್ಲಿ ಇರುವುದು ಕೆಲವೇ ಮಿಲಿಗ್ರಾಂ, ಥರ್ಮಾಮೀಟರ್‌ನಲ್ಲಿ ಅದರ ನೂರು ಪಟ್ಟಿಗೂ ಹೆಚ್ಚು.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ:

- ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆಯಿರಿ.
- ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಬಳಸಬೇಡಿ. ಹನಿ ಚದುರುತ್ತದೆ.
- ಕೈಗವಸು ಹಾಕಿ, ದಪ್ಪ ಕಾಗದದಿಂದ ಹನಿ ಕೂಡಿಸಿ, ಚೂರುಗಳನ್ನು ಟೇಪಿಗೆ ಅಂಟಿಸಿ ತೆಗೆಯಿರಿ.
- ಮುಚ್ಚಳ ಬಿಗಿಯಾದ ಬಾಟಲಿಗೆ ಹಾಕಿ. ಚರಂಡಿಗೆ ಸುರಿಯಬೇಡಿ, ಅಪಾಯಕಾರಿ ಕಸವೆಂದು ಹೇಳಿ ಪ್ರತ್ಯೇಕವಾಗಿ ಕೊಡಿ.