ಸಮೂಹ ಚಿಕಿತ್ಸೆ: ಮನದ ಮಾತಿಗೊಂದು ನೆಲೆ

ಮೈಗೆ ಜ್ವರ ಬಂದರೆ ನೆರೆಹೊರೆಯವರಿಗೆಲ್ಲ ಹೇಳಿ ಮದ್ದು ಕೇಳುವ ನಾವು, ಮನಸ್ಸು ಕುಗ್ಗಿದಾಗ ಮಾತ್ರ ಒಡಹುಟ್ಟಿದವರಿಗೂ ತಿಳಿಯದಂತೆ ಮುಚ್ಚಿಡುತ್ತೇವೆ. ಮನೆಯ ಮಾತು ಹೊಸಿಲು ದಾಟಬಾರದೆಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಆದ್ದರಿಂದ ಅಪರಿಚಿತರ ನಡುವೆ ಕುಳಿತು ನೋವನ್ನು ಹೇಳಿಕೊಳ್ಳುವ ಸಮೂಹ ಚಿಕಿತ್ಸೆಯೆಂದೊಡನೆ ಅನೇಕರು ಹಿಂಜರಿಯುತ್ತಾರೆ. ಆದರೆ ಆ ಹಿಂಜರಿಕೆಯ ಹಿಂದಿರುವ ನಾಚಿಕೆಯನ್ನೇ ಕರಗಿಸುವ ಶಕ್ತಿ ಈ ಚಿಕಿತ್ಸೆಗಿದೆ ಎಂಬುದು ನಮ್ಮ ಅಭಿಪ್ರಾಯ.

ಈ ಪದ್ಧತಿಯ ಆರಂಭ ಕುತೂಹಲಕರವಾದುದು. 1905ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯ ಜೋಸೆಫ್ ಪ್ರ್ಯಾಟ್ ಅವರು ಬಡ ಕ್ಷಯರೋಗಿಗಳನ್ನು ಒಟ್ಟಿಗೆ ಕೂಡಿಸಿ ವಿಶ್ರಾಂತಿ, ಆಹಾರ, ಶುದ್ಧ ಗಾಳಿಯ ವಿಷಯವಾಗಿ ತಿಳಿಹೇಳತೊಡಗಿದರು. ಕಲಿಸಬೇಕೆಂದು ಕೂಡಿಸಿದ ರೋಗಿಗಳು ಒಬ್ಬರಿಂದೊಬ್ಬರು ಧೈರ್ಯವನ್ನೂ ಪಡೆದರು. ಮುಂದೆ ಮನೋವೈದ್ಯರು ಈ ಕ್ರಮವನ್ನು ಬೆಳೆಸಿದರು. ತನ್ನಂತೆಯೇ ಇತರರೂ ಬಳಲುತ್ತಿದ್ದಾರೆಂಬ ಅರಿವು, ಗುಣಮುಖರಾದವರನ್ನು ಕಂಡು ಹುಟ್ಟುವ ಭರವಸೆ, ತಾನೂ ಇನ್ನೊಬ್ಬರಿಗೆ ನೆರವಾಗಬಲ್ಲೆನೆಂಬ ಆತ್ಮಗೌರವ—ಇವೇ ಇಲ್ಲಿ ಔಷಧದಂತೆ ಕೆಲಸ ಮಾಡುತ್ತವೆಂದು ಮನೋವೈದ್ಯ ಇರ್ವಿನ್ ಯಾಲೊಮ್ ವಿವರಿಸಿದ್ದಾರೆ.

ಹಾಗಾದರೆ ಇದು ಅರಳಿಕಟ್ಟೆಯ ಹರಟೆಯೇ? ಖಂಡಿತ ಅಲ್ಲ. ಕಟ್ಟೆಯಲ್ಲಿ ಆಡಿದ ಮಾತು ಸಂಜೆಯೊಳಗೆ ಊರು ಸುತ್ತುತ್ತದೆ. ಇಲ್ಲಿ ಕೇಳಿದ ಮಾತನ್ನು ಹೊರಗೆ ಆಡುವುದಿಲ್ಲವೆಂದು ಎಲ್ಲರೂ ಮೊದಲೇ ಒಪ್ಪಿರುತ್ತಾರೆ. ಸಾಮಾನ್ಯವಾಗಿ ಆರರಿಂದ ಹತ್ತು ಮಂದಿ ವಾರಕ್ಕೊಮ್ಮೆ ಒಂದು ಅಥವಾ ಒಂದೂವರೆ ಗಂಟೆ ಸೇರುತ್ತಾರೆ. ತರಬೇತಿ ಪಡೆದ ಚಿಕಿತ್ಸಕರು ನಡುವೆ ಇದ್ದು, ಒಬ್ಬರೇ ಮಾತಾಡದಂತೆ, ಯಾರೂ ಯಾರನ್ನೂ ಹೀಯಾಳಿಸದಂತೆ ನೋಡಿಕೊಳ್ಳುತ್ತಾರೆ. ಮೊದಲ ದಿನವೇ ಎಲ್ಲವನ್ನೂ ಹೇಳಬೇಕೆಂಬ ಬಲವಂತವಿಲ್ಲ. ಸುಮ್ಮನೆ ಕೇಳುತ್ತ ಕುಳಿತರೂ ಸಾಕು.

ಇದಕ್ಕೆ ವಯಸ್ಸಿನ ಮಿತಿಯಿಲ್ಲ. ಮಾತಿನಲ್ಲಿ ಹೇಳಲಾರದ ಮಕ್ಕಳು ಆಟ ಮತ್ತು ಚಿತ್ರಗಳ ಮೂಲಕ ಒಡನಾಟ ಕಲಿಯುತ್ತಾರೆ. ಪರೀಕ್ಷೆಯ ಭಯದಲ್ಲಿ ಬೇಯುವ ಹದಿಹರೆಯದವರಿಗೆ ಹಿರಿಯರ ಉಪದೇಶಕ್ಕಿಂತ ಓರಗೆಯವರ ಒಂದು ಮಾತು ಬೇಗ ನಾಟುತ್ತದೆ. ಹೆರಿಗೆಯ ನಂತರ ಕಾರಣ ತಿಳಿಯದೆ ಅಳುವ ಬಾಣಂತಿಗೆ, ಅದು ತನ್ನ ದೋಷವಲ್ಲವೆಂದು ಇನ್ನೊಬ್ಬ ತಾಯಿ ಹೇಳಿದಾಗ ದೊರೆಯುವ ಸಮಾಧಾನ ದೊಡ್ಡದು. ಸಂಗಾತಿಯನ್ನು ಕಳೆದುಕೊಂಡ ವೃದ್ಧರಿಗೆ, ಮರೆವಿನ ಕಾಯಿಲೆಯವರನ್ನು ಹಗಲಿರುಳು ನೋಡಿಕೊಳ್ಳುವ ಮನೆಯವರಿಗೂ ಇಂಥ ಬಳಗ ಆಸರೆಯಾಗುತ್ತದೆ. ಚಿಕಿತ್ಸಕರಿಲ್ಲದೆ ಸದಸ್ಯರೇ ನಡೆಸುವ ಸ್ವಸಹಾಯ ಬಳಗಗಳೂ ಉಂಟು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಮದ್ಯವ್ಯಸನಿಗಳ ಭೇಟಿಯಿಂದ ಹುಟ್ಟಿದ ಆಲ್ಕೋಹಾಲಿಕ್ಸ್ ಅನಾನಿಮಸ್ ಇಂದು ನಮ್ಮ ರಾಜ್ಯದಲ್ಲಿಯೂ ಇದೆ.

ಇದರ ಮಿತಿಗಳನ್ನೂ ತಿಳಿದಿರಬೇಕು. ಸಮೂಹ ಚಿಕಿತ್ಸೆಯು ಔಷಧಕ್ಕೆ ಬದಲಿಯಲ್ಲ. ವೈದ್ಯರು ಕೊಟ್ಟ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ತೀವ್ರ ಭ್ರಮೆಯಲ್ಲಿರುವವರಿಗೆ, ಪ್ರಾಣ ಕಳೆದುಕೊಳ್ಳುವ ಯೋಚನೆಯಲ್ಲಿರುವವರಿಗೆ ಮೊದಲು ತಜ್ಞರ ನೇರ ಆರೈಕೆ ಬೇಕು. ಕೆಲವರಿಗೆ ಏಕಾಂತದ ಸಮಾಲೋಚನೆಯೇ ಹೆಚ್ಚು ಒಗ್ಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಮುನ್ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯು ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಮಾನಸಿಕ ತೊಂದರೆ ಇದೆಯೆಂದೂ, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ದೊರೆಯುತ್ತಿಲ್ಲವೆಂದೂ ತೋರಿಸಿತು. ತಜ್ಞರು ವಿರಳವಾಗಿರುವ ನಾಡಿನಲ್ಲಿ ಒಬ್ಬ ಚಿಕಿತ್ಸಕರು ಏಕಕಾಲಕ್ಕೆ ಎಂಟು ಜನರಿಗೆ ನೆರವಾಗುವ ಈ ಕ್ರಮ ಜಿಲ್ಲೆ, ತಾಲ್ಲೂಕು ಆಸ್ಪತ್ರೆಗಳಿಗೂ ಹಬ್ಬಬೇಕೆಂಬುದು ನಮ್ಮ ಆಗ್ರಹ. ಆದರೆ ವ್ಯವಸ್ಥೆ ಬಂದರೂ ನಾಚಿಕೆ ಹೋಗದಿದ್ದರೆ ಕುರ್ಚಿಗಳು ಖಾಲಿಯೇ ಉಳಿಯುತ್ತವೆ.

ಆದ್ದರಿಂದ ಓದುಗರಲ್ಲಿ ನಮ್ಮದೊಂದು ವಿನಂತಿ. ಮನೆಯಲ್ಲಿ ಯಾರಾದರೂ ವಾರಗಟ್ಟಲೆ ಮಂಕಾಗಿದ್ದರೆ, ನಿದ್ರೆ ಊಟ ಬಿಟ್ಟಿದ್ದರೆ, ‘ಧೈರ್ಯ ತಂದುಕೋ’ ಎಂದಷ್ಟೇ ಹೇಳಿ ಸುಮ್ಮನಾಗದಿರಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಜೊತೆಯಾಗಿ ಹೋಗಿ, ಸಮೂಹ ಚಿಕಿತ್ಸೆ ಎಲ್ಲಿ ದೊರೆಯುತ್ತದೆಂದು ವಿಚಾರಿಸಿರಿ. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಹೊಸಿಲು ದಾಟಿದ ನೋವಿನಿಂದ ಮನೆತನದ ಮರ್ಯಾದೆಗೆ ಕುಂದಿಲ್ಲ; ಒಳಗೇ ಕೊಳೆತ ನೋವು ಮಾತ್ರ ಮನೆಯನ್ನೇ ತಿನ್ನುತ್ತದೆ.