ಕಡತ ಕಂಪ್ಯೂಟರಿಗೆ ಹೋಗಲಿ, ಕನ್ನಡ ಕಸದ ಬುಟ್ಟಿಗೆ ಹೋಗುವುದು ಬೇಡ

ಕಾಸರಗೋಡಿನ ಗೆಳೆಯರೇ, ನಿಮ್ಮ ಅಜ್ಜನ ಹೆಸರು ಪಂಚಾಯತಿನ ಕಂಪ್ಯೂಟರಿನಲ್ಲಿ ಹೇಗೆ ಉಂಟು ಅಂತ ಒಮ್ಮೆಯಾದರೂ ನೋಡಿದ್ದೀರಾ?

1956ರ ನವೆಂಬರ್ 1ರವರೆಗೆ ನಮ್ಮ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯದ್ದು. ಆ ಕಾಲದ ಶಾಲೆ, ಜಾಗ, ಜನನ-ಮರಣದ ಎಷ್ಟೋ ದಾಖಲೆಗಳು ಕನ್ನಡದಲ್ಲೇ ಇವೆ. ಈಗ ಎಲ್ಲವೂ ಕಂಪ್ಯೂಟರಿಗೆ. ಕೇರಳದ ಕೆ-ಸ್ಮಾರ್ಟ್ 2024ರ ಜನವರಿ 1ಕ್ಕೆ ನಗರಸಭೆಗಳಿಗೆ ಬಂತು, 2025ರ ಏಪ್ರಿಲಿನಲ್ಲಿ ಗ್ರಾಮ ಪಂಚಾಯತುಗಳಿಗೂ ಬಂತು. ನಾವು ಕಂಪ್ಯೂಟರಿನ ವಿರೋಧಿಗಳಲ್ಲ. ಗೆದ್ದಲಿಗೂ ಆಟಿಯ ಮಳೆಗೂ ಕಾಗದ ಎಷ್ಟು ದಿನ ತಡೆದೀತು? ನಮ್ಮ ಪ್ರಶ್ನೆ ಇಷ್ಟೇ: ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ದಾಖಲೆ ಸಾಗಿಸುವಾಗ ಕನ್ನಡದಲ್ಲಿ ಬರೆದ ಹೆಸರಿಗೆ ಅಲ್ಲಿ ಒಂದು ಕಾಲಂ ಉಂಟಾ?

ಇಲ್ಲದಿದ್ದರೆ ಏನಾಗ್ತದೆ? ‘ಐತಪ್ಪ’ ಇಂಗ್ಲಿಷಿಗೆ ಹೋಗುವಾಗ ಒಬ್ಬರು ಎಚ್ ಸೇರಿಸ್ತಾರೆ, ಇನ್ನೊಬ್ಬರು ಬಿಡ್ತಾರೆ. ಕಂಪ್ಯೂಟರಿಗೆ ಅವರು ಇಬ್ಬರು ಐತಪ್ಪಂದಿರು. ಅಲ್ಲಿಂದ ಮಲಯಾಳಕ್ಕೆ ತಿರುಗಿದಾಗ ಮೂರನೆಯವ. ಕುಂಬಳೆ ಕುಂಬಳ ಆಗ್ತದೆ, ಮಂಜೇಶ್ವರ ಮಂಜೇಶ್ವರಂ ಆಗ್ತದೆ. ಆಮೇಲೆ ಜಾಗದ ಪಾಲಿಗೋ ಜಾತಿ ಸರ್ಟಿಫಿಕೇಟಿಗೋ ಹೋದ ಮೊಮ್ಮಗನೇ ‘ಇವರೆಲ್ಲ ಒಬ್ಬರೇ’ ಅಂತ ಸಾಬೀತು ಮಾಡ್ಬೇಕು. ತಪ್ಪು ಕಚೇರಿಯದ್ದು, ಅಲೆದಾಟ ನಮ್ಮದು!

‘ತಾಂತ್ರಿಕ ತೊಂದರೆ’ ಅಂದ್ರೆ ನಂಬಬೇಡಿ. ಯೂನಿಕೋಡಿನಲ್ಲಿ ಮಲಯಾಳಕ್ಕೆ ಜಾಗ ಇರುವ ಹಾಗೆಯೇ ಕನ್ನಡಕ್ಕೂ ಉಂಟು. ಎರಡೂ ಒಂದೇ ಡೇಟಾಬೇಸಿನಲ್ಲಿ ಅಕ್ಕಪಕ್ಕ ಕೂರ್ತವೆ. ಇನ್ನು ಕಾನೂನು? 1969ರ ಜನನ-ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ನೋಡಿ: ತಪ್ಪಿದ್ದರೂ ಮೂಲ ಬರಹವನ್ನು ಮುಟ್ಟುವ ಹಾಗಿಲ್ಲ, ತಿದ್ದುಪಡಿಯನ್ನು ಅಂಚಿನಲ್ಲಿ ಬರೆದು ಸಹಿ-ತಾರೀಕು ಹಾಕ್ಬೇಕು. ಪುಸ್ತಕದಲ್ಲಿ ತಪ್ಪನ್ನೇ ಅಳಿಸಬಾರದು ಅಂದ್ಮೇಲೆ, ಡೇಟಾಬೇಸಿನಲ್ಲಿ ಸರಿಯಾದ ಹೆಸರನ್ನು ಹೇಗೆ ಅಳಿಸ್ತೀರಿ? ಅದೇ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ನಮಗೆ ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೊಟ್ಟಿದೆ.

ನಮ್ಮ ಬೇಡಿಕೆ ಮೂರೇ. ಮೂಲ ಪುಟದ ಸ್ಕ್ಯಾನ್ ಪ್ರತಿ ನಮೂದಿನ ಜೊತೆಗೇ ಇರಲಿ. ಕನ್ನಡ ಹೆಸರಿಗೆ ಕನ್ನಡ ಲಿಪಿಯದ್ದೇ ಕಾಲಂ ಇರಲಿ. ಕನ್ನಡ ಓದಬಲ್ಲವರು ತಾಳೆ ನೋಡಿ ಮುಗಿಸುವ ತನಕ ಹಳೇ ಪುಸ್ತಕವನ್ನಾಗಲೀ ಹಳೇ ಡೇಟಾಬೇಸನ್ನಾಗಲೀ ಯಾರೂ ವಿಲೇವಾರಿ ಮಾಡಬಾರದು.

ಫೇಸ್‌ಬುಕ್ಕಿನಲ್ಲಿ ಕನ್ನಡ ಬಾವುಟ ಹಾಕಿದ್ರೆ ಸಾಲದು. ಈ ವಾರವೇ ಮನೆಯ ಹಿರಿಯರ ಒಂದು ದಾಖಲೆ ತೆಗೆಸಿ, ಅಕ್ಷರ ಅಕ್ಷರ ತಾಳೆ ನೋಡಿ. ತಪ್ಪಿದ್ದರೆ ಅರ್ಜಿ ಕೊಡಿ, ಕನ್ನಡದಲ್ಲೇ ಕೊಡಿ. ಪುಸ್ತಕ ಹೋದ ಮೇಲೆ ಅಜ್ಜನ ಹೆಸರಿಗೆ ಸಾಕ್ಷಿ ಹೇಳಲಿಕ್ಕೆ ಯಾರು ಬರ್ತಾರೆ?